ವೇದಿಕೆಯನ್ನು 6 ನಿಮಿಷ 40 ಸೆಕೆಂಡ್ ಬಿಟ್ಟುಕೊಡಿ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆ ಮತ್ತು ಕಂಪನಿಗಳ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಕಾರ್ಯಕಾರಿ ಸಮಿತಿಯ ಸದಸ್ಯರಿಗೆ,



ರಾಜ್ಯೋತ್ಸವದ ಲೆಕ್ಕಾಚಾರ ಶುರುವಾಗುವ ಮುಂಚೆಯೇ ಈ ಪತ್ರ ನಿಮ್ಮ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ. ಬಾವುಟ, ಭುವನೇಶ್ವರಿಯ ಪಟ, ಆರ್ಕೆಸ್ಟ್ರಾ, ಮುಖ್ಯ ಅತಿಥಿ, ಸನ್ಮಾನದ ಶಾಲು, ಎಲ್ಲರಿಗೂ ಊಟ. ಇಷ್ಟನ್ನು ಹೊಂದಿಸಲು ಚಂದಾ ಎತ್ತಬೇಕು, ಮ್ಯಾನೇಜ್‌ಮೆಂಟಿನ ಒಪ್ಪಿಗೆ ಪಡೆಯಬೇಕು, ಶಿಫ್ಟ್ ಅದಲುಬದಲು ಮಾಡಿಸಬೇಕು. ಪೀಣ್ಯದ ಟೂಲ್‌ರೂಮಿನಲ್ಲಿ ಬಹುಕಾಲ ಕೆಲಸ ಮಾಡಿದ ನನಗೆ ಆ ಓಡಾಟ ಗೊತ್ತು. ಅದರಲ್ಲಿ ಯಾವುದನ್ನೂ ಕೈಬಿಡಿ ಎನ್ನುತ್ತಿಲ್ಲ. ವರ್ಷದ ಮಿಕ್ಕ ಹನ್ನೊಂದು ತಿಂಗಳಿಗೆ ಹೊಸದೊಂದು ಸಂಜೆಯನ್ನು ಸೇರಿಸಿಕೊಳ್ಳಿ ಎಂದು ಕೇಳುತ್ತಿದ್ದೇನೆ.

ಆ ಸಂಜೆ ಮಾತಾಡುವವರು ಹೊರಗಿನಿಂದ ಬರುವುದಿಲ್ಲ. ನಿಮ್ಮ ಶೆಡ್ಡಿನ ಟರ್ನರ್, ಗಾರ್ಮೆಂಟ್ಸಿನ ಟೈಲರ್, ಕ್ಯಾಂಟೀನಿನ ಅಡುಗೆಯವರು, ರಾತ್ರಿ ಪಾಳಿಯ ಕ್ಯಾಬ್ ಚಾಲಕ, ಟೆಸ್ಟಿಂಗ್ ವಿಭಾಗದ ಇಂಜಿನಿಯರ್. ಒಬ್ಬೊಬ್ಬರೂ ಇಪ್ಪತ್ತು ಚಿತ್ರ ತರಬೇಕು. ಒಂದೊಂದು ಚಿತ್ರ 20 ಸೆಕೆಂಡ್ ಪರದೆಯ ಮೇಲೆ ಇರುತ್ತದೆ, ಆಮೇಲೆ ತಾನಾಗಿಯೇ ಮುಂದಿನದಕ್ಕೆ ಹೋಗುತ್ತದೆ. ನಿಲ್ಲಿಸುವ ಹಾಗಿಲ್ಲ, ಹಿಂದಕ್ಕೆ ತರುವ ಹಾಗಿಲ್ಲ. ಚಿತ್ರ ಇರುವಷ್ಟು ಹೊತ್ತು ಅದರ ಬಗ್ಗೆ ಎರಡು ಮೂರು ವಾಕ್ಯ ಹೇಳಿದರೆ ಸಾಕು. ಒಟ್ಟು 400 ಸೆಕೆಂಡ್, ಅಂದರೆ 6 ನಿಮಿಷ 40 ಸೆಕೆಂಡಿಗೆ ಮಾತು ಮುಗಿಯುತ್ತದೆ.

ಈ ಕ್ರಮವನ್ನು ಮೊದಲು ಮಾಡಿದವರು ಟೋಕಿಯೋದಲ್ಲಿ ನೆಲೆಸಿದ್ದ ಇಬ್ಬರು ವಾಸ್ತುಶಿಲ್ಪಿಗಳು, ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್. 2003ರ ಫೆಬ್ರುವರಿಯಲ್ಲಿ ರೊಪ್ಪೊಂಗಿ ಎಂಬಲ್ಲಿನ ತಮ್ಮ ಸೂಪರ್‌ಡೀಲಕ್ಸ್ ಎಂಬ ಜಾಗದಲ್ಲಿ ಎಳೆಯ ವಿನ್ಯಾಸಕಾರರಿಗೆ ತಮ್ಮ ಕೆಲಸ ತೋರಿಸಲು ಒಂದು ಸಂಜೆ ಏರ್ಪಡಿಸಿದರು. ಕೈಗೆ ಮೈಕು ಸಿಕ್ಕಿದರೆ ತಮ್ಮ ವೃತ್ತಿಯವರು ಮಾತು ನಿಲ್ಲಿಸುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಅದಕ್ಕೇ ಗಡಿಯಾರದ ಕಟ್ಟು ಹಾಕಿದರು. ಪೆಚಕುಚ ಎಂಬ ಹೆಸರಿನ ಆ ಸಂಜೆಗಳು ಇವತ್ತು ಜಗತ್ತಿನ ಸಾವಿರಕ್ಕೂ ಹೆಚ್ಚು ಊರುಗಳಿಗೆ ಹರಡಿವೆ. 2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಇಗ್ನೈಟ್ ಎಂಬ ಇನ್ನೊಂದು ಬಗೆ ಹುಟ್ಟಿತು. ಅಲ್ಲಿಯೂ ಇಪ್ಪತ್ತೇ ಚಿತ್ರ, ಆದರೆ ಒಂದೊಂದಕ್ಕೆ 15 ಸೆಕೆಂಡ್, ಒಟ್ಟು ಐದು ನಿಮಿಷ. ಬೆಂಗಳೂರಿನಲ್ಲೂ ಪೆಚಕುಚ ನಡೆದಿದೆ. ವಿನ್ಯಾಸ, ಕಲೆ, ಸ್ಟಾರ್ಟ್‌ಅಪ್ಪುಗಳ ನಡುವೆ ಓಡಾಡುವ, ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡುವ ಜನರ ಬಳಗದಲ್ಲಿ ಅದು ಬೆಳೆದದ್ದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಕ್ರಮ ಯಾರಿಗೆ ಹೆಚ್ಚು ಒದಗಬೇಕೋ ಅವರ ಹತ್ತಿರ ಅದಿನ್ನೂ ಬಂದಿಲ್ಲ. ತರಬಲ್ಲವರು ನೀವು.

ನೀವೇ ಯಾಕೆ ಎಂದರೆ, ಈ ಹೊರವಲಯದಲ್ಲಿ ಬೇರೆ ಬೇರೆ ಅಂತಸ್ತಿನ ಜನ ಒಂದೇ ಶಾಮಿಯಾನದ ಕೆಳಗೆ ಕೂರುವುದು ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಮಾತ್ರ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಕಾರ್ಖಾನೆಗಳ ಸಂಘಗಳು ಈ ಪರಂಪರೆಯನ್ನು ಕಟ್ಟಿದವು. ಅಲ್ಲಿ ನಾಟಕ ಆಡಿದವರು, ಗೋಡೆಪತ್ರಿಕೆ ಬರೆದವರು, ಕವಿಗೋಷ್ಠಿಯಲ್ಲಿ ಕವಿತೆ ಓದಿದವರು ಹಗಲು ಹೊತ್ತು ಮಷೀನಿನ ಮುಂದೆ ನಿಲ್ಲುತ್ತಿದ್ದವರೇ. ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆ 1961ರಲ್ಲಿ ಶುರುವಾಗಿ 2016ರಲ್ಲಿ ಮುಚ್ಚಿತು. ಅಂಥ ದೊಡ್ಡ ಕಾರ್ಖಾನೆಗಳ ಜೊತೆಗೆ ಅವುಗಳ ಸಭಾಂಗಣ, ಗ್ರಂಥಾಲಯ, ಕ್ವಾರ್ಟರ್ಸಿನ ಬದುಕೂ ಕುಗ್ಗಿತು. ಈಗ ದುಡಿಯುವ ಜನ ಸಾವಿರಾರು ಸಣ್ಣ ಶೆಡ್ಡುಗಳಲ್ಲಿ, ಗಾಜಿನ ಕಟ್ಟಡಗಳಲ್ಲಿ ಹಂಚಿಹೋಗಿದ್ದಾರೆ. ಎದುರಿನ ಶೆಡ್ಡಿನಲ್ಲಿ ಏನು ತಯಾರಾಗುತ್ತದೆ ಎಂದು ಈ ಶೆಡ್ಡಿನವರನ್ನು ಕೇಳಿ ನೋಡಿ. ಎಷ್ಟೋ ಸಲ ಉತ್ತರ ಸಿಗುವುದಿಲ್ಲ.

ಪೀಣ್ಯದ ಒಂದು ಸಂಜೆಯನ್ನು ನೆನಪಿಸುತ್ತೇನೆ. 2023ರ ಆಗಸ್ಟ್ 23, ಸಂಜೆ 6.04. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿಯಿತು. ಅದನ್ನು ನಡೆಸಿದ ನಿಯಂತ್ರಣ ಕೊಠಡಿ ಇರುವುದು ಇಸ್ರೋದ ಇಸ್ಟ್ರಾಕ್ ಕೇಂದ್ರದಲ್ಲಿ, ಅಂದರೆ ನಮ್ಮ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ. ಅಂದು ಟೀವಿಯಲ್ಲಿ ನಾವು ನೋಡಿದ್ದೇನು? ಕಂಪ್ಯೂಟರಿನಲ್ಲಿ ಬಿಡಿಸಿದ ಒಂದು ನೌಕೆ, ಕೆಳಗೆ ಬಾಗುತ್ತ ಹೋದ ಒಂದು ಗೆರೆ, ಇಳಿಯುತ್ತಿದ್ದ ಅಂಕಿಗಳು, ಆಗಾಗ ಒಂದೆರಡು ಮಾತು. ಭೌತಶಾಸ್ತ್ರ ಓದದವರಿಗೂ ಅರ್ಥವಾಯಿತು. ಮನೆಮನೆಯಲ್ಲಿ ಜನ ಉಸಿರು ಬಿಗಿಹಿಡಿದು ಆ ಗೆರೆಯನ್ನೇ ನೋಡಿದರು. ಎದುರಿಗೆ ಸರಿಯಾದ ಚಿತ್ರ ಇದ್ದರೆ ಎಷ್ಟು ಕಡಿಮೆ ಮಾತು ಸಾಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಮೂರು ದಿನ ಬಿಟ್ಟು ಪ್ರಧಾನಿ ಇಸ್ಟ್ರಾಕ್‌ಗೆ ಬಂದಾಗ ಪೀಣ್ಯದ ರಸ್ತೆಗಳು ದೇಶಕ್ಕೆಲ್ಲ ಕಂಡವು. ಇಸ್ರೋಗೆ, ಎಚ್‌ಎಎಲ್‌ಗೆ ಬಿಡಿಭಾಗ ಮಾಡಿಕೊಡುವ ಘಟಕಗಳು ಅದೇ ರಸ್ತೆಗಳ ಪಕ್ಕದ ಅಡ್ಡರಸ್ತೆಗಳಲ್ಲಿವೆ. ಅಲ್ಲಿ ಲೇತಿನ ಮುಂದೆ ನಿಂತವರ ಕೈಗಳ ಚಿತ್ರವನ್ನು ಮಾತ್ರ ಯಾರೂ ನೋಡಲಿಲ್ಲ.

ಅವರೇನು ತೋರಿಸಬಹುದು? ಒಬ್ಬ ಸಿಎನ್‌ಸಿ ಆಪರೇಟರನನ್ನು ಕಲ್ಪಿಸಿಕೊಂಡು ಹೇಳುತ್ತೇನೆ. ಊರು ಪಾವಗಡದ ಕಡೆ ಇರಲಿ. ಮೊದಲ ಚಿತ್ರ ಅವನ ಮನೆಯ ಕಡಲೆಕಾಯಿ ಹೊಲ, ಮಳೆ ಕೈಕೊಟ್ಟ ವರ್ಷದ್ದು. ಎರಡನೆಯದು ಐಟಿಐ ಪ್ರಮಾಣಪತ್ರ, ಮೂಲೆ ಹರಿದು ಟೇಪು ಹಚ್ಚಿದ್ದು. ಮೂರನೆಯದು ದಾಸರಹಳ್ಳಿಯಲ್ಲಿ ನಾಲ್ವರು ಹಂಚಿಕೊಂಡ ಕೋಣೆಯ ಬಾಗಿಲಲ್ಲಿನ ಚಪ್ಪಲಿಗಳು. ನಾಲ್ವರ ಪಾಳಿಯೂ ಬೇರೆಯಾದ್ದರಿಂದ ಒಂದು ಜೊತೆ ಯಾವಾಗಲೂ ಕಡಿಮೆ. ಆಮೇಲೆ ಅವನೇ ಕೈಯಲ್ಲಿ ಬರೆದ ಒಂದು ಶಾಫ್ಟಿನ ಚಿತ್ರ, ಪಕ್ಕದಲ್ಲಿ 0.02 ಮಿ.ಮೀ. ಎಂಬ ಅಂಕಿ. ಅದರ ಮುಂದಿನ ಚಿತ್ರದಲ್ಲಿ ಬಿಳಿ ಹಾಳೆಯ ಮೇಲೆ ಒಂದೇ ಒಂದು ತಲೆಗೂದಲು. ಕೂದಲಿನ ದಪ್ಪ ಸುಮಾರು 0.07 ಮಿ.ಮೀ.; ಅಳತೆ ಹೆಚ್ಚುಕಡಿಮೆಯಾಗಲು ತನಗೆ ಕೊಟ್ಟಿರುವ ಅವಕಾಶ ಅದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ ಎಂದು ಅವನು ಹೇಳುತ್ತಾನೆ. ಸಭೆಯಲ್ಲಿ ಕೂತ ಸಾಫ್ಟ್‌ವೇರ್ ಹುಡುಗಿಗೆ, ಲೆಕ್ಕಪತ್ರ ವಿಭಾಗದವರಿಗೆ, ಅವನ ಹೆಂಡತಿಗೆ ಕೂಡ, ಇವನು ದಿನವಿಡೀ ಏನು ಮಾಡುತ್ತಾನೆ ಎಂಬುದು ಆ 20 ಸೆಕೆಂಡಿನಲ್ಲಿ ತಿಳಿಯುತ್ತದೆ. ಲೇತಿನಿಂದ ಸುರುಳಿಯಾಗಿ ಬೀಳುವ ಲೋಹದ ಚೂರಿನ ಬಣ್ಣ ನೋಡಿ, ಸದ್ದು ಕೇಳಿ, ಇನ್ಸರ್ಟ್ ಸವೆದಿದೆಯೇ ಎಂದು ಅವನು ಹೇಗೆ ಗುರುತಿಸುತ್ತಾನೆ? ಕೈಗವಸು ಹಾಕಿಕೊಂಡು ತಿರುಗುವ ಚಕ್ಕಿನ ಹತ್ತಿರ ಯಾಕೆ ಹೋಗಬಾರದು? ಓಟಿ ಇಲ್ಲದ ತಿಂಗಳು ಮನೆಗೆ ಕಳಿಸುವ ಹಣದಲ್ಲಿ ಏನು ಕಡಿತವಾಗುತ್ತದೆ? ಇಪ್ಪತ್ತು ಚಿತ್ರ ಸಾಲದಷ್ಟು ಸಾಮಗ್ರಿ ಅವನ ಹತ್ತಿರ ಇದೆ.

ಗಾರ್ಮೆಂಟ್ಸಿನಲ್ಲಿ ದಿನವಿಡೀ ಕಾಲರ್ ಕೂಡಿಸುವ ಹೆಂಗಸೊಬ್ಬರು ಮಾತಾಡಿದರೆ ನಾವು ತೊಟ್ಟ ಅಂಗಿಯನ್ನು ಆ ರಾತ್ರಿ ಬೇರೆ ಥರ ನೋಡುತ್ತೇವೆ. ಕಡುಗೋಡಿಯ ಹಳಬರೊಬ್ಬರು ಬಂದರೆ ವೈಟ್‌ಫೀಲ್ಡ್ ಹೇಗೆ ಬದಲಾಯಿತು ಎಂಬುದನ್ನು ಮನೆಯ ಫೋಟೋಗಳಲ್ಲೇ ತೋರಿಸಬಹುದು. 1882ರಲ್ಲಿ ಡಿ.ಎಸ್. ವೈಟ್ ಅವರ ಮುಂದಾಳತ್ವದಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಕಟ್ಟಿದ ವಸಾಹತು, ಸುತ್ತಲಿನ ತೋಟ, 1990ರ ದಶಕದಲ್ಲಿ ಮೇಲೆದ್ದ ಐಟಿಪಿಎಲ್ ಟೆಕ್ ಪಾರ್ಕ್, 2015ರ ಹೊತ್ತಿಗೆ ವರ್ತೂರು ಕೆರೆಯಿಂದ ರಸ್ತೆಗೆ ಹಾರಿಬಂದ ನೊರೆ. ಬೆಳ್ಳಂದೂರು ಕೆರೆಗೆ 2017ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದಾಗ ಜಗತ್ತನ್ನು ಸುತ್ತಿದ್ದು ಚಿತ್ರಗಳೇ. ದಡದ ಹಳ್ಳಿಗಳ ಜನ ಆ ನೀರಿನ ವಾಸನೆಯ ಬಗ್ಗೆ ಅದಕ್ಕೂ ಬಹಳ ಮೊದಲೇ ದೂರುತ್ತಿದ್ದರು. ಚಿತ್ರವೂ ವೇದಿಕೆಯೂ ಇಲ್ಲದ ದೂರು ದೂರ ಹೋಗುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಕಥೆಯೂ ಹಾಗೆಯೇ ಬಾಕಿ ಇದೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಅದನ್ನು ಕಟ್ಟಿದ್ದು ದಾಖಲಾಗಿದೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಮನೆಗಳ ಆಲ್ಬಂಗಳನ್ನು ಯಾರೂ ಬಿಚ್ಚಿ ನೋಡಿಲ್ಲ.

ಇಲ್ಲಿ ಒಂದು ತೊಡಕಿದೆ. ನಮ್ಮ ಗೇಟುಗಳಲ್ಲಿ ಸೆಕ್ಯೂರಿಟಿಯವರು ಮೊಬೈಲಿನ ಕ್ಯಾಮೆರಾಕ್ಕೆ ಸ್ಟಿಕರ್ ಅಂಟಿಸುತ್ತಾರೆ. ಕೆಲವು ಕಡೆ ಮೊಬೈಲನ್ನೇ ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ಗಿರಾಕಿಯ ಡ್ರಾಯಿಂಗ್, ಹೊಸ ಉತ್ಪನ್ನ, ಕಂಪ್ಯೂಟರಿನ ಪರದೆ ಹೊರಗೆ ಹೋಗಬಾರದು ಎಂಬ ನಿಯಮಕ್ಕೆ ಕಾರಣ ಇದೆ, ಅದನ್ನು ಮುರಿಯಿರಿ ಎಂದು ಯಾರಿಗೂ ಹೇಳಬೇಡಿ. ಒಂದು ಫೋಟೋಕ್ಕಾಗಿ ಕಾಂಟ್ರ್ಯಾಕ್ಟ್ ಕೆಲಸಗಾರನೊಬ್ಬ ಕೆಲಸ ಕಳೆದುಕೊಂಡರೆ ಅವನ ಮನೆ ನಡೆಸುವುದು ನಮ್ಮ ಸಂಘದಿಂದ ಆಗದು. ಆದರೆ ಆ ಸ್ಟಿಕರಿನ ಆಚೆ ಬೇಕಾದಷ್ಟು ಚಿತ್ರಗಳಿವೆ. ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಮಷೀನ್ ಬಿಡಿಸಲಿ. ಕೆಲಸ ಮುಗಿದ ಮೇಲಿನ ಅಂಗೈ, ಊಟದ ಡಬ್ಬಿ, ಸ್ವಂತದ ವರ್ನಿಯರ್, ಬೆಳಗಿನ ಜಾವದ ಬಸ್ ನಿಲ್ದಾಣ, ಮಗಳ ಶಾಲೆ ಇವನ್ನೆಲ್ಲ ತೆಗೆಯಲು ಯಾರ ಅಪ್ಪಣೆಯೂ ಬೇಡ. ಒಳಗಿನ ಚಿತ್ರ ಬೇಕೇ ಬೇಕು ಎಂದಾದರೆ ಸಂಘದ ಕಾರ್ಯದರ್ಶಿಯೇ ಎಚ್‌ಆರ್ ವಿಭಾಗಕ್ಕೆ ಲಿಖಿತವಾಗಿ ಕೇಳಲಿ. ಕೆಲಸಗಾರನನ್ನು ಮುಂದೆ ದೂಡಬೇಡಿ. ಬೇರೊಬ್ಬರ ಮುಖ ಇರುವ ಚಿತ್ರ ತೋರಿಸುವ ಮುಂಚೆ ಅವರನ್ನು ಕೇಳಿ, ಅದರಲ್ಲೂ ಪಿಜಿಗಳಲ್ಲಿರುವ ಹುಡುಗಿಯರ ವಿಷಯದಲ್ಲಿ ಇದು ಸಡಿಲವಾಗಬಾರದು.

ಮಾತಿಗೆ ನಿಲ್ಲುವ ಅಂಜಿಕೆಯ ಬಗ್ಗೆ ನೀವು ಹೇಳುತ್ತೀರಿ. ನಮ್ಮವರು ಸ್ಟೇಜ್ ಹತ್ತುವುದಿಲ್ಲ ಸಾರ್, ಎಷ್ಟು ಕರೆದರೂ ಬರುವುದಿಲ್ಲ ಎಂದು. ನಾನು ನೋಡಿದ ಮಟ್ಟಿಗೆ ಅಂಜಿಕೆ ಹುಟ್ಟುವುದು ಎಲ್ಲರ ಕಣ್ಣೂ ತನ್ನ ಮುಖದ ಮೇಲೆ ಇರುವುದರಿಂದ. ಪರದೆಯ ಮೇಲೆ ಚಿತ್ರ ಬಂದ ಕೂಡಲೇ ಆ ಕಣ್ಣುಗಳೆಲ್ಲ ಅತ್ತ ಹೋಗುತ್ತವೆ. ಮಾತಾಡುವವನು ಪಕ್ಕದ ಕತ್ತಲೆಯಲ್ಲಿ ನಿಂತು, ಮನೆಯವರಿಗೆ ಫೋಟೋ ತೋರಿಸುತ್ತ ಹೇಳುವಂತೆ ಹೇಳಿದರಾಯಿತು. ಮುಂದೇನು ಎಂದು ನೆನಪಿಟ್ಟುಕೊಳ್ಳುವ ಹೊರೆಯೂ ಇಲ್ಲ, ಮುಂದಿನ ಚಿತ್ರವೇ ನೆನಪಿಸುತ್ತದೆ. ಇನ್ನೊಂದು ಲಾಭ ನಮ್ಮ ಸಭೆಗಳನ್ನು ಬಲ್ಲವರಿಗೆ ತಿಳಿಯುತ್ತದೆ. ಮಾತು ಉದ್ದವಾದಾಗ ನಿರೂಪಕರು ಚೀಟಿ ಕಳಿಸುವುದು ಹೆಲ್ಪರನಿಗೆ ಮಾತ್ರ, ಜನರಲ್ ಮ್ಯಾನೇಜರಿಗೆ ಕಳಿಸುವುದಿಲ್ಲ. ಇಲ್ಲಿ ಇಬ್ಬರಿಗೂ ಒಂದೇ ಗಡಿಯಾರ. ಯಾರಿಗೂ ಅವಮಾನವಿಲ್ಲದೆ ಮಾತು ನಿಲ್ಲುತ್ತದೆ. ಈ ಸಮಾನತೆಗಾಗಿಯೇ ನಾನು ಈ ಕ್ರಮವನ್ನು ಇಷ್ಟು ಮೆಚ್ಚಿರುವುದು.

ಇಷ್ಟು ಚುಟುಕಾಗಿ ಏನು ಹೇಳಲಾದೀತು, ರೀಲ್ಸ್ ನೋಡಿ ಕೆಟ್ಟ ಗಮನವನ್ನು ನೀವೂ ಕೆಡಿಸುತ್ತೀರಲ್ಲ ಎಂದು ಹಿರಿಯರು ಆಕ್ಷೇಪಿಸಬಹುದು. ಆ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಉದ್ದದ ಮಾತು ಬೇಕು. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಶುರುಮಾಡಿ, ವಾರವಾರವೂ ಜನಸಾಮಾನ್ಯರಿಗೆ ಉಚಿತ ಉಪನ್ಯಾಸ ನಡೆಯುವ ಹಾಗೆ ಮಾಡಿದರು. ವಿಜ್ಞಾನಿಗಳ ಮಾತು ಕೇಳಲು ಬಾಗಿಲು ಎಲ್ಲರಿಗೂ ತೆರೆದಿತ್ತು. ಅಂಥ ಉಪನ್ಯಾಸವನ್ನು ಆರು ನಿಮಿಷಕ್ಕೆ ಕತ್ತರಿಸಿ ಎಂದು ಯಾರಾದರೂ ಹೇಳಿದರೆ ನಾನೂ ಜಗಳಕ್ಕೆ ನಿಲ್ಲುತ್ತೇನೆ. ನಾನು ಹೇಳುತ್ತಿರುವುದು ಬೇರೆಯೇ ಜನರ ವಿಷಯ. ಇದುವರೆಗೆ ಒಂದು ನಿಮಿಷವೂ ಮೈಕು ಸಿಗದವರಿಗೆ 6 ನಿಮಿಷ 40 ಸೆಕೆಂಡ್ ಕಡಿಮೆಯಲ್ಲ. ನರಸಿಂಹಯ್ಯನವರಿಂದ ನಾವು ಕಲಿಯಬೇಕಾದದ್ದು ಬಿಡದೆ ನಡೆಸುವ ಶಿಸ್ತು. ವರ್ಷಕ್ಕೊಮ್ಮೆ ಅದ್ದೂರಿಯಾಗಿ ಮಾಡಿ ಮರೆಯುವುದಕ್ಕಿಂತ ತಿಂಗಳಿಗೊಮ್ಮೆ, ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ಹತ್ತು ಜನ ಬಂದರೂ ನಡೆಯಬೇಕು.

ಚಿತ್ರ ತೋರಿಸಿ ಕಥೆ ಹೇಳುವುದು ನಮಗೆ ಟೋಕಿಯೋದಿಂದ ಬರಬೇಕಾಗಿಯೂ ಇರಲಿಲ್ಲ. ಕಿಳ್ಳೇಕ್ಯಾತರು ದೀಪದ ಮುಂದೆ ತೊಗಲುಗೊಂಬೆ ಹಿಡಿದು ರಾಮಾಯಣ, ಮಹಾಭಾರತಗಳನ್ನು ಊರೂರಿಗೆ ಹೊತ್ತು ತಂದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಬಂತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದೇ ಪರದೆಗೆ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತಂದರು. ನಿಮ್ಮ ಮೊದಲ ವರ್ಷದಲ್ಲೇ ಒಂದು ಸಂಜೆಗೆ ತೊಗಲುಗೊಂಬೆ ಮೇಳದವರನ್ನು ಸಂಭಾವನೆ ಕೊಟ್ಟು ಕರೆಸಿ. ಪರದೆಯ ಮುಂದೆ ಕೂತ ಜನರನ್ನು ಹಿಡಿದಿಡುವುದು ಹೇಗೆ ಎಂಬುದನ್ನು ಅವರಷ್ಟು ಬಲ್ಲವರು ಯಾರಿದ್ದಾರೆ?

ಕನ್ನಡದ ವಿಷಯಕ್ಕೆ ಬರುತ್ತೇನೆ, ಸಂಘದ ಹೆಸರಿನಲ್ಲೇ ಅದು ಇರುವುದರಿಂದ. ಒಡಿಶಾ, ಬಿಹಾರ, ಬಂಗಾಳ, ಅಸ್ಸಾಂನಿಂದ ಬಂದವರು ನಮ್ಮ ಪಕ್ಕದ ಮಷೀನಿನಲ್ಲಿದ್ದಾರೆ, ಪಕ್ಕದ ಮೇಜಿನಲ್ಲಿದ್ದಾರೆ. ಅವರು ಕನ್ನಡ ಕಲಿಯಲಿ ಎಂದು ನಾವೆಲ್ಲ ಬಯಸುತ್ತೇವೆ. ಒಂದು ಗಂಟೆಯ ಭಾಷಣ ಕೇಳಿ ಯಾರೂ ಕಲಿಯುವುದಿಲ್ಲ. ಕಣ್ಣಿಗೆ ಚಿತ್ರ ಕಾಣುತ್ತಿದ್ದು ಅದರ ಬಗ್ಗೆ ಮೂರು ಸಣ್ಣ ವಾಕ್ಯ ಕಿವಿಗೆ ಬಿದ್ದರೆ ಅರ್ಥ ತಾನಾಗಿ ಕೂಡಿಕೊಳ್ಳುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಕನ್ನಡ ಕಲಿಯುತ್ತಿರುವವರಿಗೂ ಪ್ರತಿ ಸಂಜೆ ಒಂದು ಸರದಿ ಇಡಿ. ಇಪ್ಪತ್ತು ಚಿತ್ರಕ್ಕೆ ಮೂರರಂತೆ ಅರವತ್ತು ವಾಕ್ಯ. ಜೊತೆಯಲ್ಲಿ ಕೆಲಸ ಮಾಡುವ ಒಬ್ಬರು ಕೂತು ಅವನ್ನು ಹೇಳಿಕೊಡಲಿ. ತನ್ನ ಊರು, ತನ್ನ ತಾಯಿ, ತಾನು ಹತ್ತಿ ಬಂದ ರೈಲು, ತಾನು ಮಾಡುವ ಜಾಬ್ ಇವುಗಳ ಬಗ್ಗೆ ಅರವತ್ತು ಕನ್ನಡ ವಾಕ್ಯ ಆಡಿ ಚಪ್ಪಾಳೆ ಪಡೆದ ಮನುಷ್ಯ ಮರುದಿನದಿಂದ ಕನ್ನಡದಲ್ಲಿ ಮಾತಾಡಲು ಹಿಂಜರಿಯುವುದಿಲ್ಲ. ತಪ್ಪು ಕನ್ನಡಕ್ಕೆ ಸಭೆಯಲ್ಲಿ ಯಾರಾದರೂ ನಕ್ಕರೆ ಅಧ್ಯಕ್ಷರು ಅಲ್ಲಿಯೇ ತಡೆಯಬೇಕು.

ಏರ್ಪಾಡು ಸರಳ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಬಿಳಿ ಗೋಡೆ, ಮೈಕು, ಕರೆಂಟ್ ಹೋದರೆ ಯುಪಿಎಸ್. ಎಲ್ಲರ ಚಿತ್ರಗಳನ್ನೂ ನಾಲ್ಕು ದಿನ ಮುಂಚೆ ಪಡೆದು ಒಂದೇ ಕಡತದಲ್ಲಿ ಜೋಡಿಸಿ, 20 ಸೆಕೆಂಡಿಗೆ ತಾನಾಗಿ ಬದಲಾಗುವಂತೆ ಮೊದಲೇ ಹೊಂದಿಸಿಡಿ. ಫೋನನ್ನು ಅಡ್ಡ ಹಿಡಿದು ತೆಗೆದ ಚಿತ್ರ ಪರದೆ ತುಂಬುತ್ತದೆ. ಚಿತ್ರದ ಮೇಲೆ ಅಕ್ಷರ ಬರೆಯಲು ಬಿಡಬೇಡಿ, ಬರೆದರೆ ಅದನ್ನೇ ಓದುತ್ತ ನಿಲ್ಲುತ್ತಾರೆ. ಒಮ್ಮೆಯಾದರೂ ಗಡಿಯಾರ ಇಟ್ಟು ಅಭ್ಯಾಸ ಮಾಡಿಸಿ. ಮೊದಲ ಸಲ ಎಲ್ಲರ ಮಾತೂ ಚಿತ್ರಕ್ಕಿಂತ ಹಿಂದೆ ಬೀಳುತ್ತದೆ, ಎರಡನೇ ಸಲ ವಾಕ್ಯಗಳು ತಾವೇ ಚಿಕ್ಕವಾಗುತ್ತವೆ. ಮುಖ್ಯ ಅತಿಥಿ, ಹಾರ, ಸ್ವಾಗತ ಭಾಷಣ ಬೇಡ. ಹತ್ತು ಜನ ಮಾತಾಡಿದರೂ 67 ನಿಮಿಷ. ನಡುವೆ ಟೀ, ಕೊನೆಗೆ ಹರಟೆ ಸೇರಿ ಎರಡು ಗಂಟೆ. ಪೆಚಕುಚ ಎಂಬ ಹೆಸರು ಬಳಸಬೇಕಾದರೆ ಅದನ್ನು ನಡೆಸುವವರ ಒಪ್ಪಿಗೆ ಪಡೆಯಬೇಕು. ನಿಮ್ಮದೇ ಹೆಸರಿಟ್ಟುಕೊಂಡರೆ ಆ ತಾಪತ್ರಯ ಇಲ್ಲ.

ದಿನ ಗೊತ್ತುಮಾಡುವಾಗ ಮಾತ್ರ ಹೆಂಗಸರನ್ನು ಕೇಳಿ ಗೊತ್ತುಮಾಡಿ. ಐಟಿಯವರಿಗೆ ಶನಿವಾರ ಬಿಡುವು, ಪೀಣ್ಯದವರಿಗೆ ಭಾನುವಾರ. ಆದರೆ ಗಾರ್ಮೆಂಟ್ಸಿನ ಹೆಂಗಸರಿಗೆ ಭಾನುವಾರ ಎಂದರೆ ವಾರದ ಬಟ್ಟೆ, ನೀರು, ಮಕ್ಕಳು, ರೇಷನ್. ಸಂಜೆಯ ಕಾರ್ಯಕ್ರಮಕ್ಕೆ ಅವರು ಬರುವುದಿಲ್ಲ ಎಂದು ದೂರುವುದಕ್ಕಿಂತ ಕಾರ್ಯಕ್ರಮವೇ ಅವರ ಹತ್ತಿರ ಹೋಗಲಿ. ನಾಲ್ವರು ಮಾತಾಡಿದರೆ 27 ನಿಮಿಷವೂ ಆಗುವುದಿಲ್ಲ; ವಾರದ ನಡುವೆ ಕ್ಯಾಂಟೀನಿನಲ್ಲೇ ನಡೆಸಬಹುದು. ಊಟದ ವಿರಾಮವನ್ನು ಅರ್ಧ ಗಂಟೆ ಹೆಚ್ಚಿಸಿ ಕೊಡಿ ಎಂದು ಮ್ಯಾನೇಜ್‌ಮೆಂಟನ್ನು ಕೇಳಿ, ಆ ಹೊತ್ತಿನ ಸಂಬಳ ಕಡಿತವಾಗದಂತೆ ನೋಡಿಕೊಳ್ಳಿ.

ಮೂರೂ ಕಡೆಯ ಸಂಘಗಳು ಸೇರಿ ನಡೆಸಿದರೆ ಇನ್ನೂ ಒಳ್ಳೆಯದು. ಮೊದಲು ಇದು ಆಗದ ಮಾತಾಗಿತ್ತು. ಪೀಣ್ಯಕ್ಕೆ ಮೆಟ್ರೋ 2014ರಲ್ಲೇ ಬಂತು, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ತೆರೆಯಿತು. ಈಗ ಪೀಣ್ಯದವರು ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ ಕಡುಗೋಡಿಗೆ, ಆರ್.ವಿ. ರೋಡಿನಲ್ಲಿ ಬದಲಿಸಿ ಕೋನಪ್ಪನ ಅಗ್ರಹಾರಕ್ಕೆ ಹೋಗಿ ಬರಬಹುದು. ಒಂದು ತಿಂಗಳು ಪೀಣ್ಯದ ಶೆಡ್ಡಿನಲ್ಲಿ, ಇನ್ನೊಂದು ತಿಂಗಳು ಐಟಿ ಕಂಪನಿಯ ಆಡಿಟೋರಿಯಂನಲ್ಲಿ. ಆ ಆಡಿಟೋರಿಯಂನ ಗೇಟಿನಲ್ಲಿ ನಮ್ಮ ಫಿಟ್ಟರನ ಹೆಸರು ವಿಸಿಟರ್ ಪಟ್ಟಿಯಲ್ಲಿ ಮೊದಲೇ ಇರುವಂತೆ ಅಲ್ಲಿನ ಸಂಘದವರು ನೋಡಿಕೊಳ್ಳಬೇಕು. ಗೇಟಿನಲ್ಲಿ ಅರ್ಧ ಗಂಟೆ ನಿಂತವನು ಮುಂದಿನ ತಿಂಗಳು ಬರುವುದಿಲ್ಲ.

ನಿಮ್ಮ ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ. ರಾಜ್ಯೋತ್ಸವಕ್ಕೆ ಕಾಯದೆ, ಅದಕ್ಕೂ ಮುಂಚೆಯೇ ನಾಲ್ವರನ್ನು ಒಪ್ಪಿಸಿ ಒಂದು ಸಲ ನಡೆಸಿ. ಚಿತ್ರ ಆರಿಸಲು, ವಾಕ್ಯ ತಿದ್ದಲು, ಅಭ್ಯಾಸ ಮಾಡಿಸಲು ಜನ ಬೇಕಾದರೆ ಭಾನುವಾರಗಳಂದು ನಾನು ಬಂದು ಕೂರುತ್ತೇನೆ.

ಇತಿ,
ನಿಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಹಳೆಯ ಟೂಲ್‌ರೂಮ್ ಕೆಲಸಗಾರ
ದಾಸರಹಳ್ಳಿ